ಸೇತುವೆಯ ತನಕ

ಮನೌಸಿನಲ್ಲಿ ಸಂಜೆ ಕರೆಂಟು ಹೋದರೆ
ಜುರಾಂದೀರನ ರಿಪೇರಿ ಅಂಗಡಿಯಲ್ಲಿ
ಫ್ಯಾನು ನಿಲ್ಲುತ್ತದೆ, ಮಾತು ಶುರುವಾಗುತ್ತದೆ.

ಮಾತೆಂದರೆ ಒಂದೇ ಮಾತು.
ಮೂವತ್ತು ಚಿಲ್ಲರೆ ವರ್ಷ, ಹನ್ನೊಂದು ಆಟ,
ಬಂಡೆಯಿಂದ ಬಂಡೆಗೆ ಹಾರುವ ಅದೇ ಒಂದು ಆಡು,
ಕೊರಳಲ್ಲಿ ಗಂಟೆ, ಎಡಗೊಂಬು ಮುರಿದದ್ದು.
ಹನ್ನೊಂದರಲ್ಲಿ ಯಾವುದು ಮೇಲು?

ಎರಡನೆಯದು, ಎನ್ನುತ್ತಾನೆ ಜುರಾಂದೀರ್
ಬೆಸುಗೆ ಕಡ್ಡಿಯನ್ನು ನ್ಯಾಯಾಧೀಶನ ಹಾಗೆ ಎತ್ತಿ.
ಎರಡನೆಯದರಲ್ಲಿ ನೆಗೆತಕ್ಕೆ ತೂಕವಿತ್ತು,
ಗುಂಡಿ ಒತ್ತಿದ ಮೇಲೆ ನಡುಗಾಳಿಯಲ್ಲಿ
ಮನಸ್ಸು ಬದಲಾಯಿಸುವ ಹಾಗಿರಲಿಲ್ಲ.
ಹಾರಿದೆಯಾ, ಹಾರಿದೆ. ಬಿದ್ದೆಯಾ, ಬಿದ್ದೆ.
ಮದುವೆಯೂ ಹಾಗೇ ಇತ್ತು ಆಗ, ಎಂದು ಸೇರಿಸುತ್ತಾನೆ,
ಮೂರು ಸಲ ಆದವನು.

ಸೋದರಳಿಯ ವೆಲಿಂಟನ್‌ಗೆ ಹತ್ತೊಂಬತ್ತು.
ಅವನಿಗೆ ಒಂಬತ್ತನೆಯದು. ಅದರಲ್ಲಿ ಆಡು
ಗೋಡೆಗೆ ಅಂಟುತ್ತದೆ, ಗಾಳಿಯನ್ನೇ ಮೆಟ್ಟಿ
ಇನ್ನೊಮ್ಮೆ ಜಿಗಿಯುತ್ತದೆ, ಮೋಡ ಮೇಯುತ್ತದೆ.
ಆಡು ಮುಟ್ಟದ ಸೊಪ್ಪಿಲ್ಲ, ಒಪ್ಪಿದೆ,
ಆದರೆ ಮೋಡವೇ? ಜುರಾಂದೀರನಿಗೆ ರೇಗುತ್ತದೆ.
ನಿಮ್ಮ ಕಾಲದವರ ಕಾಲಿಗೆ ನೆಲವೇ ಬೇಡವೇನೋ?

ನನ್ನದು ಏಳನೆಯದು. ಹೇಳಿದರೆ ನಗುತ್ತಾರೆ.
ಕ್ಯಾಮೆರಾ ಕುಡಿದವನ ಹಾಗೆ ತಿರುಗುವ,
ಮಾಡಿದ ಕಂಪನಿಯೇ ಹೆಸರೆತ್ತದ ಏಳನೆಯದು.
ಆದರೆ ಅದೊಂದರಲ್ಲಿ ಮಾತ್ರ
ಗುಂಡಿಗಳಿಂದ ಕೈ ತೆಗೆದು ಸುಮ್ಮನಿದ್ದರೆ
ಆಡು ಮುಂಗಾಲು ಮಡಚಿ ಕೂರುತ್ತದೆ,
ಮೆಲುಕು ಹಾಕುತ್ತದೆ.
ಬಂದರಿನ ರಾತ್ರಿ ಪಾಳಿ ಮುಗಿಸಿ ಬಂದು
ಎಷ್ಟೋ ಬೆಳಗು ನಾನು ಆಟ ಆಡದೆ
ಅದರ ಜೊತೆ ಕೂತಿದ್ದೇನೆ.
ಇದು ವಾದವಲ್ಲ, ಗೊತ್ತು.

ಇವತ್ತು ದೋನಾ ಓಸ್ವಲ್ದಿನ ಬಂದರು
ತಮ್ಮ ರೇಡಿಯೋ ಏನಾಯಿತೆಂದು ಕೇಳಲು.
ಕೈಯಲ್ಲಿ ಬುರುಡೆ ಬಟ್ಟಲು, ಹಬೆಯಾಡುವ ತಕಕಾ,
ತುಟಿ ಜುಮ್ಮೆನಿಸುವ ಜಂಬು ಸೊಪ್ಪಿನ ಘಾಟು.
ಬಟ್ಟಲು ಬರಿದಾಗುವ ತನಕ ನಿಂತು
ನಮ್ಮ ಜಗಳ ಕೇಳಿದರು.
ನಾಲ್ಕನೆಯದು, ಎಂದರು.

ನೀವು ಆಡಿದ್ದೀರಾ?

ಆಡಿದ್ದೀರಾ ಎಂದರೇನು!
ಡಿಸ್ಟ್ರಿಕ್ಟಿನ ಕಾರ್ಖಾನೆಯಲ್ಲಿ ಆ ವರ್ಷ
ಬೆಲ್ಟಿನ ತುದಿಯಲ್ಲಿ ಕೂರಿಸಿದ್ದರು ನನ್ನನ್ನು.
ಬಂದ ಕ್ಯಾಸೆಟ್ಟು ತುರುಕು, ಹಚ್ಚು, ಆಡು.
ಗಂಟೆ ಕೇಳಿಸಿತೇ, ಬಣ್ಣ ಸರಿಯೇ, ಹಾರಿತೇ,
ಕಿತ್ತು ಡಬ್ಬಿಗೆ ಹಾಕು.
ಒಂದಕ್ಕೆ ನಲವತ್ತು ಸೆಕೆಂಡು, ದಿನಕ್ಕೆ ಆರುನೂರು.
ಮೂರು ಹೆಜ್ಜೆ, ಹಳ್ಳ, ಹಾರು.
ಹಳದಿ ಹೂವು, ಬಗ್ಗು.
ಸೇತುವೆ.
ಸೇತುವೆಯ ನಡುವೆ ಹೊತ್ತು ಮುಗಿಯುತ್ತದೆ.

ಬರಿದಾದ ಬಟ್ಟಲಿನ ಅಂಚನ್ನು
ಅವರ ಹೆಬ್ಬೆರಳು ತಾನಾಗಿ ಒತ್ತಿತು,
ತಡೆಯಿತು, ಒತ್ತಿತು.

ವೆಲಿಂಟನ್ ಕಣ್ಣರಳಿಸಿದ. ಹಾಗಾದರೆ ನಿಮಗೆ
ಸೇತುವೆಯಾಚೆಯ ಹಿಮದ ಊರು, ಆ ಗಡಿಯಾರದ ಗೋಪುರ…

ಹಿಮವೇ? ಎಂದರು ಓಸ್ವಲ್ದಿನ.
ಅದರಲ್ಲಿ ಹಿಮ ಇದೆಯೇ?

ಯಾರೂ ಮಾತಾಡಲಿಲ್ಲ.
ಆಚೆ ಕಪ್ಪು ನದಿಯಲ್ಲಿ ಯಾವುದೋ ದೋಣಿ
ಸಿಳ್ಳೆ ಹಾಕಿತು. ಕರೆಂಟು ಬಂತು.

ಜುರಾಂದೀರ್ ಕಪಾಟಿನಿಂದ ನಾಲ್ಕನೆಯದನ್ನು ತೆಗೆದು
ಧೂಳು ಊದಿ, ತುರುಕಿ, ಹಚ್ಚಿದ.
ಮೂರು ಹೆಜ್ಜೆ, ಹಳ್ಳ. ಹೂವು.
ನಾವು ಮೂವರೂ ಜನ್ಮದಲ್ಲಿ ಹಾರಿರಲಿಲ್ಲ
ಹಾಗೆ, ನೀರು ಕುಡಿದಷ್ಟು ಸಲೀಸಾಗಿ.
ಸೇತುವೆಯ ನಡುವೆ ಅವರ ಬಲಗೈ
ಕ್ಯಾಸೆಟ್ಟು ಕೀಳಲು ಮೇಲೆದ್ದಿತು.
ಅಲ್ಲೇ ನಿಂತಿತು.

ಹೋಗಿ, ಎಂದೆ ಮೆಲ್ಲಗೆ. ಮುಂದೆ ಹೋಗಿ.

ಹೋದರು. ದಾಟಿದೊಡನೆ ಒಂದು ಹದ್ದು,
ಐದು ವರ್ಷದ ಕೂಸೂ ತಪ್ಪಿಸಿಕೊಳ್ಳುವ ಹದ್ದು,
ಆಡನ್ನು ಎತ್ತಿಕೊಂಡು ಹೋಯಿತು.

ಈಗಲೂ ನಾಲ್ಕನೆಯದೇನಾ? ವೆಲಿಂಟನ್ ಕೇಳಿದ.

ಸೇತುವೆಯ ತನಕ, ಎಂದರು,
ಕಾಲಿನಲ್ಲೇ ಸ್ಟೂಲು ಎಳೆದುಕೊಳ್ಳುತ್ತ.